ಬಿಸಿಕೋಣೆಗೆ ಯಾವ ಮರ? ಸೌನಾ ನಿರ್ಮಾಣದಲ್ಲಿ ಮರದ ಆಯ್ಕೆ ಮತ್ತು ಸುರಕ್ಷತೆ

ಮನುಷ್ಯನು ಮನೆ ಕಟ್ಟಲು ಕಲಿತಂದಿನಿಂದ ಮರ ಅವನ ಜೊತೆಗಿದೆ. ತೊಲೆ, ಬಾಗಿಲು, ತೊಟ್ಟಿಲು, ಮಣೆ ಇವೆಲ್ಲಕ್ಕೂ ಮರ ಬೇಕು. ಬಾಳಿಕೆ, ಬೆಲೆ ಮತ್ತು ಅಂದ ಈ ಮೂರನ್ನು ನೋಡಿ ಮರವನ್ನು ಆರಿಸುವುದು ರೂಢಿ. ಆದರೆ ಮರವನ್ನು ಸದಾ ಬಿಸಿಯಾಗಿರುವ ಕೋಣೆಯಲ್ಲಿ ಬಳಸುವಾಗ ನಾಲ್ಕನೆಯ ಪ್ರಶ್ನೆಯೊಂದು ಏಳುತ್ತದೆ: ಈ ಮರ ದೇಹಕ್ಕೆ ಸುರಕ್ಷಿತವೇ?

ಈ ಪ್ರಶ್ನೆ ಈಗ ದೂರದ ಶೀತದೇಶಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮುಂಬಯಿ ಮಹಾನಗರದ ಈಶಾನ್ಯ ಅಂಚಿನಲ್ಲಿರುವ ಮುಲುಂಡ್ ಇದಕ್ಕೆ ಒಳ್ಳೆಯ ನಿದರ್ಶನ. ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು, ಪೂರ್ವಕ್ಕೆ ಉಪ್ಪಿನ ಗದ್ದೆಗಳು ಮತ್ತು ಠಾಣೆ ಖಾಡಿ, ಇವುಗಳ ನಡುವೆ ಈ ಉಪನಗರ ಹರಡಿಕೊಂಡಿದೆ. ಒಂದು ಕಾಲದಲ್ಲಿ ಕಾರ್ಖಾನೆಗಳಿಗೆ ಹೆಸರಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದ ಇಕ್ಕೆಲಗಳಲ್ಲಿ ಇಂದು ಬಹುಮಹಡಿ ವಸತಿ ಸಂಕೀರ್ಣಗಳು ಎದ್ದಿವೆ. ಇಂತಹ ಸಂಕೀರ್ಣಗಳಲ್ಲಿ ವ್ಯಾಯಾಮಶಾಲೆ ಮತ್ತು ಈಜುಕೊಳಗಳೊಂದಿಗೆ ಹಬೆಸ್ನಾನದ ಕೋಣೆ ಅಥವಾ ಸೌನಾ ಇರುವುದು ಸಾಮಾನ್ಯವಾಗುತ್ತಿದೆ. ಅವುಗಳನ್ನು ಬಳಸುವವರು, ಕಟ್ಟಿಸುವ ಸಹಕಾರಿ ಸಂಘಗಳು, ಕಟ್ಟುವ ಬಡಗಿಗಳು ಈ ಮೂವರೂ ಮರದ ಗುಣದೋಷಗಳನ್ನು ತಿಳಿದಿರುವುದು ಅಗತ್ಯ.

ಬಿಸಿಕೋಣೆ ನಮಗೆ ಹೊಸದಲ್ಲ

ಸೌನಾ ಎಂಬುದು ಫಿನ್ಲೆಂಡ್ ದೇಶದ ಪದ. ಮರದ ಹಲಗೆಗಳನ್ನು ಹೊದಿಸಿದ ಸಣ್ಣ ಕೋಣೆಯಲ್ಲಿ ಕಲ್ಲುಗಳನ್ನು ಕಾಯಿಸಿ, 70ರಿಂದ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸ್ವಲ್ಪ ಹೊತ್ತು ಕುಳಿತು ಬೆವರುವುದು ಅಲ್ಲಿನ ಪದ್ಧತಿ. 2020ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಪದ್ಧತಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತದಲ್ಲಿಯೂ ಬೆವರಿಳಿಸುವ ಚಿಕಿತ್ಸೆ ಪುರಾತನವಾದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹದಿಮೂರು ಬಗೆಯ ಸ್ವೇದನಗಳ ವಿವರಣೆಯಿದೆ. ಅವುಗಳಲ್ಲಿ ಒಂದಾದ ಜೆಂತಾಕ ಸ್ವೇದವು ಬಹುಮಟ್ಟಿಗೆ ಇಂದಿನ ಸೌನಾವನ್ನು ಹೋಲುತ್ತದೆ. ದುಂಡನೆಯ ಕೋಣೆ, ನಡುವೆ ರಂಧ್ರಗಳುಳ್ಳ ಮಣ್ಣಿನ ಕುಲುಮೆ, ಗೋಡೆಯುದ್ದಕ್ಕೂ ಕುಳಿತುಕೊಳ್ಳಲು ಜಗಲಿ, ಇದು ಅದರ ರಚನೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಆ ಜಗಲಿ ಮರದ್ದಲ್ಲ, ಮಣ್ಣಿನದು. ಎರಡನೆಯದಾಗಿ, ಉರಿಸಬೇಕಾದ ಸೌದೆ ಯಾವುದೆಂದು, ಖದಿರ ಅಂದರೆ ಕಗ್ಗಲಿ ಮೊದಲಾದ ಮರಗಳನ್ನು, ಹೆಸರಿಸಿ ಹೇಳಲಾಗಿದೆ. ಸೌದೆ ಚೆನ್ನಾಗಿ ಉರಿದು ಹೊಗೆ ಅಡಗಿದ ಮೇಲೆಯೇ ಒಳಗೆ ಹೋಗಬೇಕೆಂಬ ಎಚ್ಚರವೂ ಇದೆ. ಬಿಸಿಕೋಣೆಯಲ್ಲಿ ಎಲ್ಲ ಮರಗಳೂ ಒಂದೇ ಅಲ್ಲವೆಂಬ ಅರಿವು ನಮ್ಮ ಹಿರಿಯರಿಗೆ ಇತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮರವೇ ಏಕೆ?

90 ಡಿಗ್ರಿ ಬಿಸಿಯಾದ ಕಬ್ಬಿಣದ ಮೇಲೆ ಯಾರೂ ಕುಳಿತುಕೊಳ್ಳಲಾರರು. ಅಷ್ಟೇ ಬಿಸಿಯಾದ ಮರದ ಮೇಲೆ ಕುಳಿತುಕೊಳ್ಳಬಹುದು. ಉಕ್ಕು ಮರಕ್ಕಿಂತ ನೂರಾರು ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುವುದೇ ಇದಕ್ಕೆ ಕಾರಣ. ಲೋಹ ತನ್ನಲ್ಲಿರುವ ಶಾಖವನ್ನು ಕ್ಷಣದಲ್ಲಿ ಚರ್ಮಕ್ಕೆ ಸುರಿಯುತ್ತದೆ. ಮರ ನಿಧಾನವಾಗಿ ಕೊಡುತ್ತದೆ. ಮರ ಹಗುರವಾದಷ್ಟೂ ಈ ಗುಣ ಹೆಚ್ಚು. ಆದುದರಿಂದಲೇ ಗಟ್ಟಿಯಾದ, ಭಾರವಾದ, ಬೆಲೆಬಾಳುವ ಮರ ಬಿಸಿಕೋಣೆಯ ಆಸನಕ್ಕೆ ಉತ್ತಮವೆಂದು ಭಾವಿಸುವುದು ತಪ್ಪು. ಬೀಟೆ, ಮತ್ತಿ, ಹೊನ್ನೆಗಳಂತಹ ಭಾರದ ಮರಗಳು ತೊಲೆ, ಕಂಬಗಳಿಗೆ ಸೊಗಸಾದರೂ ಸೌನಾದ ಆಸನದಲ್ಲಿ ಮೈಗೆ ಹೆಚ್ಚು ಬಿಸಿ ಹತ್ತಿಸುತ್ತವೆ. ಯಾವ ಮರವನ್ನೇ ಬಳಸಿದರೂ ಮೊಳೆ ಮತ್ತು ತಿರುಪುಗಳ ತಲೆ ಮೇಲೆ ಕಾಣದಂತೆ ಕೆಳಭಾಗದಿಂದ ಜೋಡಿಸತಕ್ಕದ್ದು. ಹಲಗೆಯ ಮೇಲೆ ಉಳಿದ ಒಂದೇ ಒಂದು ಮೊಳೆಯ ತಲೆ ಚರ್ಮವನ್ನು ಸುಡಬಲ್ಲದು.

ಶಾಖದಲ್ಲಿ ಮರಕ್ಕೆ ಏನಾಗುತ್ತದೆ?

ಮರವು ಕೇವಲ ನಾರಿನಿಂದಾದುದಲ್ಲ. ಕೀಟ ಮತ್ತು ಶಿಲೀಂಧ್ರಗಳಿಂದ ತನ್ನನ್ನು ರಕ್ಷಿಸಿಕೊಳ್ಳಲು ಮರವು ರಾಳ, ತೈಲ, ಒಗರು ಮೊದಲಾದ ರಾಸಾಯನಿಕಗಳನ್ನು ತನ್ನ ತಿರುಳಿನಲ್ಲಿ ಶೇಖರಿಸಿಕೊಂಡಿರುತ್ತದೆ. ಗೆದ್ದಲು ಮುಟ್ಟದ ಮರವೆಂದು ನಾವು ಮೆಚ್ಚುವ ಗುಣಕ್ಕೆ ಈ ವಸ್ತುಗಳೇ ಕಾರಣ. ಸಾಧಾರಣ ಕೋಣೆಯಲ್ಲಿ ಇವು ಮರದೊಳಗೇ ಅಡಗಿರುತ್ತವೆ. ಶಾಖ ಏರಿದಾಗ ಮೂರು ಬದಲಾವಣೆಗಳು ಆಗುತ್ತವೆ.

ಒಂದನೆಯದಾಗಿ, ಆವಿಯಾಗಬಲ್ಲ ಅಂಶಗಳು ಗಾಳಿಗೆ ಸೇರುತ್ತವೆ. ಹೊಸ ಪೈನ್ ಮರದ ಕಟು ವಾಸನೆಗೆ ಇದೇ ಕಾರಣ. ಎರಡನೆಯದಾಗಿ, ರಾಳ ಕರಗಿ ಗಂಟುಗಳಿಂದ ಒಸರುತ್ತದೆ. ಬಿಸಿ ರಾಳದ ಹನಿ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮೂರನೆಯದಾಗಿ, ಬೆವರಿದ ಚರ್ಮ ಬರಿಯ ಮರಕ್ಕೆ ತಾಗಿದಾಗ ಮರದಲ್ಲಿನ ಅಂಶಗಳು ಬೆವರಿನಲ್ಲಿ ಕರಗಿ ಚರ್ಮವನ್ನು ತಲುಪುತ್ತವೆ. ಚರ್ಮದ ಒಗ್ಗದಿಕೆ ಇರುವವರಲ್ಲಿ ಇದರಿಂದ ತುರಿಕೆ, ಗಂಧೆಗಳು ಕಾಣಿಸಿಕೊಳ್ಳಬಹುದು.

ಒಳ್ಳೆಯ ಸೌನಾ ಮರದ ಲಕ್ಷಣಗಳು ಇದರಿಂದ ತಾವಾಗಿಯೇ ತಿಳಿಯುತ್ತವೆ. ಅದು ಹಗುರವಾಗಿರಬೇಕು, ರಾಳ ಮತ್ತು ಗಂಟುಗಳಿಲ್ಲದಿರಬೇಕು, ವಾಸನೆ ಕಡಿಮೆಯಿರಬೇಕು, ಸಿಬಿರು ಏಳಬಾರದು. ಫಿನ್ಲೆಂಡಿನಲ್ಲಿ ಗೋಡೆಗೆ ಸ್ಪ್ರೂಸ್, ಆಸನಕ್ಕೆ ಆಸ್ಪೆನ್, ಆಲ್ಡರ್ ಮತ್ತು ಪಶ್ಚಿಮ ಆಫ್ರಿಕಾದ ಅಬಾಚಿ ಮರಗಳು ಬಳಕೆಗೆ ಬಂದುದು ಈ ಕಾರಣದಿಂದಲೇ. ರಾಸಾಯನಿಕವಿಲ್ಲದೆ ಸುಮಾರು 190ರಿಂದ 212 ಡಿಗ್ರಿಯವರೆಗೆ ಕಾಯಿಸಿ ಹದಗೊಳಿಸಿದ ಮರವೂ ಇಂದು ಬಳಕೆಯಲ್ಲಿದೆ. ಇದರಲ್ಲಿ ರಾಳ ಮೊದಲೇ ಹೊರಬಿದ್ದಿರುತ್ತದೆ, ತೇವ ಹೀರುವ ಗುಣವೂ ತಗ್ಗಿರುತ್ತದೆ.

ನಮ್ಮ ಮರಗಳ ಗುಣದೋಷ

ತೇಗವು ಎಲ್ಲರಿಗೂ ಪರಿಚಿತ. ದಾಂಡೇಲಿಯ ಡಿಪೋಗಳಿಂದ ಮುಂಬಯಿಯ ಮರದ ಅಡ್ಡೆಗಳವರೆಗೆ ಅದಕ್ಕೆ ಬೇಡಿಕೆಯಿದೆ. ನೀರು ಮತ್ತು ಗೆದ್ದಲನ್ನು ತಡೆಯುವಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿರುವ ಲಪಾಕಾಲ್ ಮತ್ತು ಡಿಆಕ್ಸಿಲಪಾಕಾಲ್ ಎಂಬ ವಸ್ತುಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಣಗಿದ, ನುಣುಪಾದ ತೇಗವನ್ನು ಮುಟ್ಟುವುದರಿಂದ ಬಹುಜನರಿಗೆ ತೊಂದರೆಯಿಲ್ಲ; ಅದರ ಹುಡಿಯಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ತೊಂದರೆಯಿದೆ. ಬಿಸಿಕೋಣೆಯ ಬಾಗಿಲ ಚೌಕಟ್ಟು ಮತ್ತು ನೆಲದ ಪಟ್ಟಿಗಳಿಗೆ ತೇಗ ಯೋಗ್ಯ. ಬರಿಮೈ ತಾಗುವ ಆಸನಕ್ಕೆ ಅದು ಮೊದಲ ಆಯ್ಕೆಯಾಗಬಾರದು.

ಬೀಟೆ ಮರದ ಹುಡಿಯೂ ಚರ್ಮದ ಒಗ್ಗದಿಕೆಗೆ ಹೆಸರಾದುದು. ಕೊಡಗಿನ ಕಾಫಿ ತೋಟಗಳಿಂದ ಹೇರಳವಾಗಿ ಬರುವ ಸಿಲ್ವರ್ ಓಕ್ ಅಗ್ಗವಾದ ಮರ. ಆದರೆ ಅದರ ಹುಡಿಯೂ ಕೆಲಸಗಾರರಲ್ಲಿ ಚರ್ಮದ ಉರಿಯೂತವನ್ನು ಉಂಟುಮಾಡುವುದು ತಿಳಿದ ಸಂಗತಿ. ಹೊಲಗೇರು, ಕರಿಗೇರುಗಳಂತಹ ಗೇರಿನ ಕುಟುಂಬದ ಮರಗಳ ವಿಷಯದಲ್ಲಿ ಮಲೆನಾಡು ಮತ್ತು ಕರಾವಳಿಯ ಜನರಿಗೆ ಎಚ್ಚರಿಕೆ ಹೇಳಬೇಕಾಗಿಲ್ಲ. ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ರಸ ಚರ್ಮವನ್ನು ಬೊಬ್ಬೆ ಎಬ್ಬಿಸುತ್ತದೆ. ಇವು ಬಿಸಿಕೋಣೆಗೆ ಸರ್ವಥಾ ಸಲ್ಲವು.

ಮುಲುಂಡಿನ ಪೂರ್ವದ ಅಂಚಿನ ಖಾಡಿಯಲ್ಲಿಯೂ ಇಂತಹ ಒಂದು ಮರವಿದೆ. ಎಕ್ಸೊಕೇರಿಯಾ ಅಗಲೋಕಾ ಎಂಬ ಈ ಕಾಂಡ್ಲಾ ಜಾತಿಯ ಮರದ ಹಾಲು ಕಣ್ಣಿಗೆ ಬಿದ್ದರೆ ತಾತ್ಕಾಲಿಕವಾಗಿ ಕುರುಡು ಬರಬಹುದು. ಅದರ ಹೊಗೆಯೂ ಕಣ್ಣಿಗೆ ಹಾನಿಕರ. ಕಾಂಡ್ಲಾವನಗಳು ಕಾನೂನಿನ ರಕ್ಷಣೆಯಲ್ಲಿವೆ. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅವುಗಳನ್ನು ಕಡಿಯುವುದನ್ನು ತಡೆದು ಆದೇಶ ನೀಡಿತು. ಠಾಣೆ ಖಾಡಿಯ ರಾಜಹಂಸ ಅಭಯಧಾಮವು 2022ರಲ್ಲಿ ರಾಮ್ಸಾರ್ ಜೌಗುಭೂಮಿಯೆಂದು ಮಾನ್ಯತೆ ಪಡೆಯಿತು. ಅಲ್ಲಿಂದಾಗಲಿ ರಾಷ್ಟ್ರೀಯ ಉದ್ಯಾನದಿಂದಾಗಲಿ ಸೌದೆ ತರುವುದು ಅಪರಾಧ ಮಾತ್ರವಲ್ಲ, ಆರೋಗ್ಯಕ್ಕೆ ಅಪಾಯವೂ ಹೌದು.

ಹಾಗಾದರೆ ಯೋಗ್ಯವಾದ ದೇಶೀಯ ಮರ ಯಾವುದು? ಆಸ್ಪೆನ್ನಿನ ಹತ್ತಿರದ ಬಂಧುವಾದ ಪಾಪ್ಲರ್ ಅನ್ನು ಉತ್ತರ ಭಾರತದ ರೈತರು ಹೊಲಗಳಲ್ಲಿ ಬೆಳೆಸುತ್ತಾರೆ. ಅದು ಹಗುರ, ಬಿಳುಪು, ರಾಳವಿಲ್ಲದ್ದು, ವಾಸನೆ ಕಡಿಮೆಯಿರುವಂಥದ್ದು. ಚನ್ನಪಟ್ಟಣದ ಗೊಂಬೆಗಳನ್ನು ಕಡೆಯುವ ಆಲೆ ಮರದ ಉದಾಹರಣೆ ಇಲ್ಲಿ ಪ್ರಸ್ತುತ. ಮಗುವಿನ ಕೈಗೂ ಬಾಯಿಗೂ ಹೋಗುವ ವಸ್ತುವಿಗೆ ನುಣುಪಾದ, ಬಿಳಿಯ ಮರವನ್ನು ನಮ್ಮ ಕುಶಲಕರ್ಮಿಗಳು ಆರಿಸಿಕೊಂಡಿದ್ದಾರೆ. ಆಲೆ ಮರದಿಂದ ಅಗಲವಾದ ಹಲಗೆ ದೊರೆಯದಿದ್ದರೂ ಆಯ್ಕೆಯ ಹಿಂದಿನ ವಿವೇಕ ಬಿಸಿಕೋಣೆಗೂ ಅನ್ವಯಿಸುತ್ತದೆ.

ಹೆಸರಿನ ಗೊಂದಲ

ಅಂಗಡಿಯಲ್ಲಿ ಸೀಡರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮರಗಳು ಮಾರಾಟವಾಗುತ್ತವೆ. ಹಿಮಾಲಯದ ದೇವದಾರು ಒಂದು. ಕೆನಡಾದಿಂದ ಬರುವ ಕೆಂಪು ಸೀಡರ್ ಮತ್ತೊಂದು. ನಮ್ಮ ಘಟ್ಟಗಳಲ್ಲಿಯೂ ಬೆಳೆಯುವ ತೂನಾ ಇನ್ನೊಂದು. ಇವು ಬೇರೆ ಬೇರೆ ಕುಲದವು, ಗುಣಗಳೂ ಬೇರೆ. ಕೆನಡಾದ ಕೆಂಪು ಸೀಡರ್ ಸೌನಾಗಳಲ್ಲಿ ಜನಪ್ರಿಯವಾದರೂ ಅದರಲ್ಲಿರುವ ಪ್ಲಿಕ್ಯಾಟಿಕ್ ಆಮ್ಲವು ಗರಗಸದ ಕಾರ್ಖಾನೆಗಳ ಕೆಲಸಗಾರರಲ್ಲಿ ಉಬ್ಬಸಕ್ಕೆ ಕಾರಣವೆಂದು ಸಾಬೀತಾಗಿದೆ. ದೇವದಾರುವಿನಲ್ಲಿ ತೈಲ ಹೆಚ್ಚು. ಅದರ ಪರಿಮಳ ಪೂಜಾಗೃಹದಲ್ಲಿ ಹಿತವಾದರೂ ಮುಚ್ಚಿದ ಬಿಸಿಕೋಣೆಯಲ್ಲಿ ತಲೆಭಾರವಾಗಬಹುದು. ಆದುದರಿಂದ ಖರೀದಿಯ ರಸೀದಿಯಲ್ಲಿ ಮರದ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಸಂದೇಹವಿದ್ದಲ್ಲಿ ಮರದ ತುಣುಕನ್ನು ಗುರುತಿಸಿಕೊಡುವ ಸೇವೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಲಭ್ಯವಿದೆ.

ಮರಕ್ಕಿಂತ ಮರಕ್ಕೆ ಬಳಿದದ್ದು ಅಪಾಯಕರ

ಮರ ತಾನಾಗಿ ಉಂಟುಮಾಡುವ ತೊಂದರೆಗಿಂತ ಮನುಷ್ಯನು ಮರಕ್ಕೆ ಸೇರಿಸಿದ ವಸ್ತುಗಳ ತೊಂದರೆ ಹೆಚ್ಚಿನದು.

ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಮಿಶ್ರಣದಿಂದ ಮರವನ್ನು ಸಂರಕ್ಷಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ಎಂಬ ಭಾರತೀಯ ವಿಜ್ಞಾನಿ. ವಿದ್ಯುತ್ ಕಂಬ, ಸೇತುವೆ, ಗಣಿಗಳಲ್ಲಿ ಅಸಂಖ್ಯಾತ ಮರಗಳ ಆಯುಷ್ಯವನ್ನು ಈ ಸಂಶೋಧನೆ ಹೆಚ್ಚಿಸಿ ಕಾಡನ್ನು ಉಳಿಸಲು ನೆರವಾಯಿತು. ಆದರೆ ಆರ್ಸೆನಿಕ್ ವಿಷವಸ್ತು. ಅಮೆರಿಕದಲ್ಲಿ 2003ರ ಅಂತ್ಯಕ್ಕೆ ವಸತಿ ಬಳಕೆಯ ಮರಗಳಿಗೆ ಈ ಸಂಸ್ಕಾರವನ್ನು ನಿಲ್ಲಿಸಲಾಯಿತು. ಹಸಿರು ಛಾಯೆಯ ಇಂತಹ ಮರವನ್ನು ಬಿಸಿಕೋಣೆಯೊಳಗೆ ಎಂದಿಗೂ ಬಳಸಬಾರದು, ಅದರ ತುಂಡುಗಳನ್ನು ಎಂದಿಗೂ ಸುಡಬಾರದು. ಸುಟ್ಟರೆ ಆರ್ಸೆನಿಕ್ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ.

ಹಳೆಯ ಮರದ ವಿಷಯದಲ್ಲಿ ಮುಂಬಯಿಯ ನಿವಾಸಿಗಳು ವಿಶೇಷ ಎಚ್ಚರಿಕೆ ವಹಿಸಬೇಕು. ದಾರುಖಾನಾ ಪ್ರದೇಶದಲ್ಲಿ ಹಡಗುಗಳನ್ನು ಒಡೆದು ಬಂದ ಸಾಮಗ್ರಿ ಬಹುಕಾಲದಿಂದ ಮಾರಾಟವಾಗುತ್ತ ಬಂದಿದೆ. ಹಡಗಿನ ಹಲಗೆಗಳು ಗಟ್ಟಿಯಾಗಿ, ಅಗ್ಗವಾಗಿ ಕಾಣಬಹುದು. ಅವುಗಳ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ರೈಲಿನ ಹಳೆಯ ಮರದ ಅಡ್ಡದಿಮ್ಮಿಗಳಲ್ಲಿ ಕ್ರಿಯೋಸೋಟ್ ಎಂಬ ಡಾಂಬರಿನ ತೈಲ ತುಂಬಿರುತ್ತದೆ. ಕಾಯಿಸಿದಾಗ ಅದು ಆವಿಯಾಗಿ ಹೊರಬರುತ್ತದೆ. ಸರಕು ಸಾಗಿಸುವ ಅಡ್ಡಹಲಗೆಗಳ ಮೇಲೆ ಎಚ್.ಟಿ. ಎಂಬ ಮುದ್ರೆಯಿದ್ದರೆ ಮರದ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಲಾಗಿದೆಯೆಂದೂ, ಎಂ.ಬಿ. ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲಕ್ಕೆ ಒಡ್ಡಲಾಗಿದೆಯೆಂದೂ ಅರ್ಥ. ಆದರೆ ಸಾಗಾಟದ ವೇಳೆ ಆ ಹಲಗೆಗಳ ಮೇಲೆ ಏನು ಚೆಲ್ಲಿತ್ತೆಂಬುದನ್ನು ಯಾವ ಮುದ್ರೆಯೂ ತಿಳಿಸುವುದಿಲ್ಲ.

ಪ್ಲೈವುಡ್ ಮತ್ತು ಪುಡಿಹಲಗೆಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಕಡಿಮೆ ಅನಿಲ ಬಿಡುವ ಹಲಗೆಯೆಂದು ಇ-1 ಮುದ್ರೆ ಹೊತ್ತ ಸರಕು ದೊರೆಯುತ್ತದೆ, ನಿಜ. ಆದರೆ ಯುರೋಪಿನ ಮಾನಕದ ಪ್ರಕಾರ ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಶಾಖದಲ್ಲಿ. 90 ಡಿಗ್ರಿಯ ಕೋಣೆಗೆ ಅದೇ ಭರವಸೆ ಸಲ್ಲದು. ಜಲನಿರೋಧಕವೆಂದು ಹೆಸರಾದ ಪ್ಲೈವುಡ್ಡಿನ ಅಂಟು ಹೆಚ್ಚು ಸ್ಥಿರವಾದರೂ ಅದರ ಸ್ಥಾನ ಬಿಸಿಕೋಣೆಯ ಹೊರಗೆ. ಒಳಗೆ ಇಡಿ ಹಲಗೆಯೇ ಇರಬೇಕು. ಪಾಲಿಶ್, ವಾರ್ನಿಷ್, ಗೆದ್ದಲಿನ ಔಷಧಿ ಇವು ಯಾವುವೂ ಒಳಭಾಗದಲ್ಲಿ ಬೇಡ.

ಮುಂಬಯಿಯ ಮಳೆಗಾಲ

ಫಿನ್ಲೆಂಡಿನಲ್ಲಿ ಇಲ್ಲದ ಒಂದು ಸಮಸ್ಯೆ ಮುಲುಂಡಿನಲ್ಲಿದೆ. ಜುಲೈ ತಿಂಗಳಲ್ಲಿ ಮುಂಬಯಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 80ನ್ನು ಮೀರುತ್ತದೆ. ಬಿಸಿಕೋಣೆಯನ್ನು ವಾರಗಟ್ಟಲೆ ಮುಚ್ಚಿಟ್ಟರೆ ಬಿಳಿಯ ಹಗುರ ಮರಗಳಿಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಕೋಣೆಯನ್ನು ಕಾಯಿಸಿದಾಗ ಬೂಷ್ಟಿನ ಕಣಗಳು ಉಸಿರಿಗೆ ಸೇರುತ್ತವೆ. ಉಬ್ಬಸ ಇರುವವರಿಗೆ ಇದು ಮರಕ್ಕಿಂತಲೂ ಹೆಚ್ಚಿನ ತೊಂದರೆ. ಇದಕ್ಕೆ ಪರಿಹಾರ ವಿಷದ ಲೇಪವಲ್ಲ, ಗಾಳಿ. ಕೋಣೆಯ ಕೆಳಗೂ ಮೇಲೂ ಗಾಳಿಕಿಂಡಿ ಇರಬೇಕು. ಬಳಸಿದ ಮೇಲೆ ಬಾಗಿಲು ತೆರೆದು ಸ್ವಲ್ಪ ಹೊತ್ತು ಶಾಖ ಮುಂದುವರಿಸಿ ಮರವನ್ನು ಒಣಗಿಸಬೇಕು. ಆಸನದ ಹಲಗೆಗಳನ್ನು ಬಿಚ್ಚಿ ತೊಳೆಯುವಂತೆ ಜೋಡಿಸಬೇಕು. ಮರ ಕೊಳ್ಳುವಾಗ ಹದವಾಗಿ ಒಣಗಿದೆಯೇ ಎಂದು ನೋಡಬೇಕು. ಹವಾಮಾನ ವಲಯಕ್ಕೆ ತಕ್ಕಂತೆ ಮರದಲ್ಲಿ ಎಷ್ಟು ತೇವವಿರಬಹುದೆಂಬುದನ್ನು ಭಾರತೀಯ ಮಾನಕ ಬ್ಯೂರೋದ ಐ.ಎಸ್. 287 ಸಂಖ್ಯೆಯ ಮಾನಕ ನಿಗದಿಪಡಿಸಿದೆ.

ಬಡಗಿಯ ಉಸಿರು

ಸೌನಾ ಬಳಸುವವನು ಒಳಗೆ ಕುಳಿತಿರುವುದು ಹತ್ತು-ಹದಿನೈದು ನಿಮಿಷ. ಅದನ್ನು ಕಟ್ಟುವ ಬಡಗಿ ಅದೇ ಮರದ ಹುಡಿಯನ್ನು ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ಉಸಿರಾಡುತ್ತಾನೆ. ಮರದ ಸುರಕ್ಷತೆಯ ಚರ್ಚೆಯಲ್ಲಿ ಅತಿ ಹೆಚ್ಚು ಅಪಾಯಕ್ಕೆ ಒಳಗಾದವನೇ ಅತಿ ಕಡಿಮೆ ನೆನಪಿಗೆ ಬರುತ್ತಾನೆ. ಮರದ ಹುಡಿಯು ಮೂಗಿನ ಒಳಭಾಗ ಮತ್ತು ಸುತ್ತಲಿನ ಕುಹರಗಳ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಪ್ರಕಟಿಸಿತು. ಸುರಕ್ಷಿತವೆಂದು ಹೆಸರಾದ ಅಬಾಚಿ ಮರದ ಹುಡಿಯೂ ಕೆಲಸಗಾರರಲ್ಲಿ ಉಬ್ಬಸ ತಂದುದುಂಟು. ಕುಳಿತುಕೊಳ್ಳುವವನಿಗೆ ಸುರಕ್ಷಿತವಾದ ಮರ ಕೊಯ್ಯುವವನಿಗೂ ಸುರಕ್ಷಿತವೆಂದು ಹೇಳಲಾಗದು.

ಆದುದರಿಂದ ಕೆಲಸ ವಹಿಸುವ ಸಂಘಗಳು ಕೆಲವು ಷರತ್ತುಗಳನ್ನು ಒಪ್ಪಂದದಲ್ಲಿಯೇ ಸೇರಿಸಬೇಕು. ಹಲಗೆಗಳನ್ನು ಮುಚ್ಚಿದ ನೆಲಮಾಳಿಗೆಯಲ್ಲಿ ಕೊಯ್ಯದೆ ಗಾಳಿಯಾಡುವ ಜಾಗದಲ್ಲಿ ಕೊಯ್ಯಬೇಕು. ಯಂತ್ರಗಳಿಗೆ ಹುಡಿ ಹೀರುವ ಸಾಧನ ಜೋಡಿಸಿರಬೇಕು. ಕೆಲಸಗಾರರಿಗೆ ಎನ್-95 ಅಥವಾ ಎಫ್.ಎಫ್.ಪಿ.-2 ದರ್ಜೆಯ ಮುಖಗವಸು ಒದಗಿಸಬೇಕು. ಕರವಸ್ತ್ರ ಕಟ್ಟಿಕೊಳ್ಳುವುದು ಸೂಕ್ಷ್ಮ ಹುಡಿಯನ್ನು ತಡೆಯದು. ಒಣಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರೆಸಬೇಕು.

ಉಳಿದ ತುಂಡುಗಳ ಗತಿಯನ್ನೂ ವಿಚಾರಿಸಬೇಕಾಗಿದೆ. ಹಳೆಯ ಪೀಠೋಪಕರಣ ಮತ್ತು ಕಟ್ಟಡದ ಚೂರುಮರ ಮುಂಬಯಿಯ ಪಾವ್ ಬೇಕರಿಗಳ ಒಲೆಗಳಿಗೆ ಉರುವಲಾಗುತ್ತ ಬಂದಿದೆ. ಬಣ್ಣ, ಅಂಟು, ಔಷಧಿ ತಾಗಿದ ಮರ ಅಲ್ಲಿ ಉರಿದರೆ ಅದರ ಹೊಗೆ ಇಡೀ ಬೀದಿಗೆ ಹರಡುತ್ತದೆ. ಮರ ಮತ್ತು ಕಲ್ಲಿದ್ದಲು ಬಳಸುವ ಬೇಕರಿಗಳು ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಸೂಚಿಸಿತು.

ಬೆಂಕಿ ಮತ್ತು ದೇಹದ ಎಚ್ಚರ

ಮರಕ್ಕೆ ಬೆಂಕಿ ಹೊತ್ತಲು ಸಾಧಾರಣವಾಗಿ 250 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಸೌನಾದ ಗಾಳಿ ಅಷ್ಟು ಬಿಸಿಯಾಗದಿದ್ದರೂ ಶಾಖಯಂತ್ರದ ಮೇಲ್ಮೈ ಆಗುತ್ತದೆ. ಯಂತ್ರಕ್ಕೂ ಮರಕ್ಕೂ ನಡುವೆ ತಯಾರಕರು ಸೂಚಿಸಿದ ಅಂತರವನ್ನು ಕಾಯ್ದುಕೊಳ್ಳಬೇಕು. ಅದರ ಮೇಲೆ ಒದ್ದೆಬಟ್ಟೆ ಒಣಹಾಕುವುದು ಅನೇಕ ಅನಾಹುತಗಳಿಗೆ ಮೂಲ. ಮಹಾರಾಷ್ಟ್ರದ 2006ರ ಅಗ್ನಿ ನಿವಾರಣೆ ಮತ್ತು ಜೀವರಕ್ಷಣಾ ಅಧಿನಿಯಮದ ಪ್ರಕಾರ ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೆಂಬ ಪ್ರಮಾಣಪತ್ರವನ್ನು ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಸಲ್ಲಿಸಬೇಕಾಗುತ್ತದೆ. ಆ ತಪಾಸಣೆಯ ವೇಳೆ ಬಿಸಿಕೋಣೆಯನ್ನೂ ತೋರಿಸುವುದು ಸೂಕ್ತ. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು, ಅದಕ್ಕೆ ಚಿಲಕವಿರಬಾರದು. ಹೃದ್ರೋಗ ಇರುವವರು ಮತ್ತು ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಒಳಗೆ ಹೋಗಬಾರದು. ಮದ್ಯ ಸೇವಿಸಿದವರು ಹೋಗಲೇಬಾರದು. ಮರದ ಮೇಲೆ ದಪ್ಪನೆಯ ಹತ್ತಿಯ ವಸ್ತ್ರ ಹಾಸಿ ಕುಳಿತುಕೊಳ್ಳುವುದು ಚರ್ಮಕ್ಕೂ ಮರಕ್ಕೂ ಕ್ಷೇಮ.

ನೆನಪಿಡಬೇಕಾದ ಅಂಶಗಳು

1. ಆಸನಕ್ಕೆ ಹಗುರವಾದ, ರಾಳ ಮತ್ತು ಗಂಟುಗಳಿಲ್ಲದ, ವಾಸನೆ ಕಡಿಮೆಯಿರುವ ಮರವನ್ನು ಆರಿಸಬೇಕು.

2. ಮೂಲ ತಿಳಿಯದ ಹಳೆಯ ಮರ, ಹಡಗಿನ ಹಲಗೆ, ರೈಲಿನ ದಿಮ್ಮಿ, ಹಸಿರು ಛಾಯೆಯ ಔಷಧಿ ಹಾಕಿದ ಮರ ಇವುಗಳನ್ನು ಒಳಗೆ ಬಳಸಬಾರದು.

3. ಒಳಭಾಗಕ್ಕೆ ಪ್ಲೈವುಡ್, ಪುಡಿಹಲಗೆ, ವಾರ್ನಿಷ್ ಬೇಡ.

4. ಹೊಸ ಕೋಣೆಯನ್ನು ಜನರಿಗೆ ತೆರೆಯುವ ಮೊದಲು ಹಲವು ಬಾರಿ ಪೂರ್ಣ ಶಾಖದಲ್ಲಿ ಕಾಯಿಸಿ ಗಾಳಿಯಾಡಿಸಬೇಕು.

5. ಕಣ್ಣುರಿ, ಕೆಮ್ಮು, ಚರ್ಮದ ತುರಿಕೆ ಕಂಡರೆ ಕೂಡಲೆ ಹೊರಬಂದು, ವ್ಯವಸ್ಥಾಪಕರಿಗೆ ತಿಳಿಸಿ, ವೈದ್ಯರನ್ನು ಕಾಣಬೇಕು.

6. ಕೆಲಸಗಾರರ ರಕ್ಷಣೆಯ ವೆಚ್ಚವನ್ನು ಕಾಮಗಾರಿಯ ಅಂದಾಜಿನಲ್ಲಿಯೇ ಸೇರಿಸಬೇಕು.

ಮರವು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದು ಯಾವ ಮರ, ಎಲ್ಲಿಂದ ಬಂತು, ಅದಕ್ಕೆ ಏನು ಬಳಿಯಲಾಗಿದೆ, ಎಷ್ಟು ಕಾಯುತ್ತದೆ, ಯಾರು ಅದನ್ನು ಕೊಯ್ದರು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಪಡೆದ ಮೇಲೆಯೇ ಹಣ ಕೊಡುವುದು ಜಾಗೃತ ಗ್ರಾಹಕನ ಲಕ್ಷಣ. ಈ ಪ್ರಶ್ನೆಗಳನ್ನು ಕೇಳಲು ವಿಶೇಷ ಪರಿಣತಿ ಬೇಕಿಲ್ಲ. ಸಂಘದ ಒಂದು ಸಭೆಯಲ್ಲಿ ಯಾರಾದರೂ ಒಬ್ಬರು ಕೇಳಿದರೂ ಸಾಕು.